ಮೇಜಿನ ನಾಲ್ಕನೇ ಕಾಲು

ನನಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಪಾತ್ರೆಗಳಿಗೆ, ಆಮೇಲೆ ನಮ್ಮ ಯಜಮಾನರಿಗೆ. ಮಗಳು ಗಂಗಾಳ ಮದುವೆ ಗೊತ್ತಾದ ವರ್ಷ ಹಿರಿಯೂರಿನ ನಮ್ಮ ಮನೆಯಲ್ಲಿ ಸೊಟ್ಟಗಾಗದ ತಟ್ಟೆ ಒಂದೂ ಉಳಿದಿರಲಿಲ್ಲ. ಅದಕ್ಕೆ ಕಾರಣ ಬೀಗರಲ್ಲ. ಪಾಪ, ಚಿತ್ರದುರ್ಗದ ಒಳ್ಳೆಯ ಜನ ಅವರು. ಕಾರಣ ನನ್ನ ಜೊತೆ ಹುಟ್ಟಿದ ಇಬ್ಬರು ಮಹಾನುಭಾವರು.

ಅಣ್ಣ ಪಂಚಾಕ್ಷರಪ್ಪನದು ಹೊಳಲ್ಕೆರೆಯಲ್ಲಿ ಕೊಬ್ಬರಿ ಮಂಡಿ. ತಮ್ಮ ಶಿವಕುಮಾರಪ್ಪನದು ಹೊಸದುರ್ಗದಲ್ಲಿ ಬಟ್ಟೆ ಅಂಗಡಿ. ಇವರಿಬ್ಬರ ನಡುವೆ ಹುಟ್ಟಿದವಳು ನಾನು, ಅನ್ನಪೂರ್ಣಮ್ಮ. ಅಪ್ಪನ ಆಸ್ತಿ ಪಾಲಾದ ಮೇಲೆ ಅವರಿಬ್ಬರೂ ಮಾತು ಬಿಟ್ಟಿದ್ದರು. ಎದುರಿಗೆ ಸಿಕ್ಕರೆ ಒಬ್ಬ ರಸ್ತೆಯ ಈ ಬದಿ, ಇನ್ನೊಬ್ಬ ಆ ಬದಿ. ಹಬ್ಬಕ್ಕೆ ನನಗೆ ಸೀರೆ ತರುವುದನ್ನು ಇಬ್ಬರೂ ತಪ್ಪಿಸಿದವರಲ್ಲ. ಆದರೆ ಅಣ್ಣ ಬೆಳಿಗ್ಗೆ ಬಂದು ಹೋದರೆ, ಅವನ ಬಸ್ಸು ಹೊರಟಿತೋ ಇಲ್ಲವೋ ಎಂದು ವಿಚಾರಿಸಿಕೊಂಡೇ ತಮ್ಮ ನಮ್ಮ ಬೀದಿಗೆ ಕಾಲಿಡುತ್ತಿದ್ದ.

ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಗಂಗಾ ಚಿಕ್ಕವಳಿದ್ದಾಗ ಒಬ್ಬ ಮಾವನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ನೆಗೆದು ಬೆಳೆದವಳು. "ಅವ್ವಾ, ಇಬ್ರೂ ಮಾವಂದಿರು ಬಂದ್ರೇನೇ ನಾನು ಬಾಸಿಂಗ ಕಟ್ಟಿಸ್ಕೊಳ್ಳೋದು" ಎಂದುಬಿಟ್ಟಳು. ಹಠದಲ್ಲಿ ಥೇಟ್ ನನ್ನ ಮಗಳೇ. ಸರಿ, ಹೊಳಲ್ಕೆರೆಗೆ ಹೋಗಿ ಅಣ್ಣನನ್ನು ಕರೆದೆ. "ಅವನು ಬರಂಗಿದ್ರೆ ನಾನು ಬರಲ್ಲ" ಎಂದ. ಹೊಸದುರ್ಗಕ್ಕೆ ಹೋಗಿ ತಮ್ಮನನ್ನು ಕರೆದೆ. ಅವನೂ ಅದನ್ನೇ ಹೇಳಿದ, ಒಂದು ಅಕ್ಷರ ಆಚೀಚೆ ಇಲ್ಲದೆ. ಒಬ್ಬನನ್ನು ಕರೆದರೆ ಇನ್ನೊಬ್ಬನ ಮನೆಯ ಬಾಗಿಲು ನನಗೆ ಜನ್ಮಕ್ಕೆ ಮುಚ್ಚಿದಂತೆ. ಬಸ್ಸಿನಲ್ಲಿ ಹಿರಿಯೂರಿಗೆ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಮನೆಗೆ ಬಂದು ತಟ್ಟೆ ಎಸೆದೆ.

ಇಷ್ಟಕ್ಕೂ ಜಗಳ ಯಾವುದಕ್ಕೆ ಅಂತೀರಿ? ಹೊಲಕ್ಕಲ್ಲ, ಮನೆಗಲ್ಲ, ಬಂಗಾರಕ್ಕಲ್ಲ. ಒಂದು ಮೇಜಿನ ಕಾಲಿಗೆ! ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗುತ್ತದೆ.

ನಾವು ಚಿಕ್ಕವರಿದ್ದಾಗ ಅಪ್ಪ ಮಾರಿಕಣಿವೆಯ ಕಡೆ ಒಬ್ಬ ದೊರೆಯ ಬಂಗಲೆಗೆ ದಿನಸಿ ಹಾಕುತ್ತಿದ್ದ. ದೊರೆ ತನ್ನ ದೇಶಕ್ಕೆ ಹೊರಟಾಗ ಸಾಮಾನು ಹರಾಜಾಯಿತು. ಕುರ್ಚಿಗಳನ್ನು ಬೇರೆ ಯಾರೋ ಕೂಗಿಕೊಂಡರಂತೆ. ಅಪ್ಪ ಊಟದ ಮೇಜನ್ನು ಕೂಗಿ, ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಹೊಳಲ್ಕೆರೆಗೆ ಬಂದ. ಗಾಡಿಯಿಂದ ಇಳಿದದ್ದು ಅರ್ಧಚಂದ್ರದ ಆಕಾರದ ಎರಡು ಮೇಜು, ಜೊತೆಗೆ ಒಂದು ಬಿಡಿ ಹಲಗೆ. ಅಷ್ಟೂ ಕರಿ ಮರ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಅವ್ವ ಹೊಸಿಲಿನಲ್ಲೇ ಅಡ್ಡ ನಿಂತಳು. "ಬಾಡು ಉಂಡ ಮೇಜು. ಲಿಂಗ ಕಟ್ಟಿದೋರ ಮನೆಯೊಳಗೆ ಬರಕೂಡದು." ಅಪ್ಪ ಎಷ್ಟು ಗೋಗರೆದರೂ ಜಗ್ಗಲಿಲ್ಲ. ಕೊನೆಗೆ ಅಂಗಳದಲ್ಲೇ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಮೂರು ಜನ ಹೆಂಗಸರು ಮೇಜನ್ನು ತಿಕ್ಕಿ ತಿಕ್ಕಿ ತೊಳೆದರು. ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿದರು. ಅಷ್ಟು ಹೊತ್ತಿಗೆ ಆ ಕನ್ನಡಿ ಹೊಳಪೆಲ್ಲ ಬಚ್ಚಲು ಸೇರಿತ್ತು. "ಈಗ ಶುದ್ಧ ಆತು" ಎಂದು ಅವ್ವ ದಾರಿ ಬಿಟ್ಟಳು.

ನಮ್ಮ ನಡುಮನೆ ಇಕ್ಕಟ್ಟು. ಒಂದು ಮೇಜನ್ನು ಈ ಗೋಡೆಗೆ, ಇನ್ನೊಂದನ್ನು ಆ ಗೋಡೆಗೆ ಒತ್ತಿ ನಿಲ್ಲಿಸಿದರು. ಅವು ಎರಡು ಬೇರೆ ಬೇರೆ ಮೇಜು ಎಂದೇ ನಾವು ತಿಳಿದು ಬೆಳೆದೆವು. ಅಪ್ಪ ದೊರೆಯ ಹಾಗೆ ಮೇಜಿನ ಮುಂದೆ ಕುಳಿತು ಉಣ್ಣಬೇಕೆಂದ. ಆಗಲಿ ಎಂದ ಅವ್ವ, ನೆಲದ ಮೇಲೆ ತಟ್ಟೆ ಇಡುವ ನಮ್ಮ ಮೂರು ಕಾಲಿನ ಅಡ್ಡಣಿಗೆಯನ್ನೇ ತಂದು ಆ ಮೇಜಿನ ಮೇಲಿಟ್ಟು, ಅದರ ಮೇಲೆ ತಟ್ಟೆ ಇಟ್ಟಳು. ಅಡ್ಡಣಿಗೆ ಇಲ್ಲದೆ ಯಜಮಾನ ಉಣ್ಣುವುದುಂಟೇ? ತಟ್ಟೆ ಅಪ್ಪನ ಗದ್ದಕ್ಕೆ ಬಂತು. ಮುದ್ದೆ ಮುರಿಯಲು ಮೊಣಕೈ ಎತ್ತಿ ಎತ್ತಿ ಅವನ ತೋಳು ಸೋತುಹೋಯಿತು. ಮೂರು ದಿನ ಉಂಡು ಮತ್ತೆ ನೆಲಕ್ಕೆ ಇಳಿದ.

ಬಿಡಿ ಹಲಗೆಯ ಮೇಲೆ ಮೊದಲ ದಿನವೇ ಅವ್ವನ ಕಣ್ಣು ಬಿದ್ದಿತ್ತು. ಮೂರು ಮೊಳ ಉದ್ದ, ಒಂದು ಗಂಟು ಕೂಡ ಇಲ್ಲದ ನುಣುಪು ಮೈ. ಎರಡೂ ಅಂಚಿನಲ್ಲಿ ಸಣ್ಣ ಸಣ್ಣ ಮರದ ಗೂಟಗಳು. ಬೇಸಿಗೆಯಲ್ಲಿ ಒಂದು ತುದಿಯನ್ನು ಮಂಚದ ಮೇಲಿಟ್ಟು, ಗೂಟಕ್ಕೆ ಹಗ್ಗ ಸುತ್ತಿ ಮಂಚಕ್ಕೆ ಬಿಗಿದರೆ ಶಾವಿಗೆ ಹೊಸೆಯಲು ಅಂಥ ಹಲಗೆ ಇಡೀ ಹೊಳಲ್ಕೆರೆಯಲ್ಲಿ ಇರಲಿಲ್ಲ. ಹಗ್ಗ ಕಟ್ಟುವುದಕ್ಕೆಂದೇ ಗೂಟ ಇಟ್ಟಿದ್ದಾರೆ ಎಂದು ನಾವೆಲ್ಲ ತಿಳಿದಿದ್ದೆವು. ದೊರೆಸಾನಿಯೂ ಶಾವಿಗೆ ಹೊಸೆಯುತ್ತಿದ್ದಳು ಎಂದು ಅವ್ವ ಬೀದಿಯವರಿಗೆಲ್ಲ ಹೇಳಿದ್ದಳು.

ಅಪ್ಪ ತೀರಿಕೊಂಡ ಮೇಲೆ ಪಾಲು ಮಾಡಲು ಪಂಚರು ಕುಳಿತರು. ಎರಡು ಮೇಜು, ಇಬ್ಬರು ಗಂಡುಮಕ್ಕಳು. "ಇಷ್ಟು ಸಲೀಸಾದ ಪಾಲು ನಾವು ಕಂಡೇ ಇಲ್ಲ" ಎಂದು ಎಲೆ ಅಡಿಕೆ ಹಾಕಿಕೊಂಡರು. ಮೇಜು ಹೊರಗೆ ತರುವಾಗ ತಮ್ಮನ ಹೆಂಡತಿ ಕಾಲು ಎಣಿಸಿದಳು ನೋಡಿ! ಅಣ್ಣನ ಮೇಜಿಗೆ ನಾಲ್ಕು ಕಾಲು, ತಮ್ಮನದಕ್ಕೆ ಮೂರು.

"ಅಪ್ಪನ ಆಸ್ತೀಲೂ ನನಗೆ ಒಂದು ಕಾಲು ಕಡಿಮೆ" ಎಂದು ತಮ್ಮ ಮುಖ ಊದಿಸಿದ. "ನಾನೇನು ರಾತ್ರೋರಾತ್ರಿ ಕಾಲು ಅಂಟಿಸ್ಕೊಂಡ್ನೇನೋ?" ಎಂದು ಅಣ್ಣ ಕೂಗಿದ. ಪಂಚರಲ್ಲಿ ಒಬ್ಬರು ಸಮಾಧಾನ ಮಾಡಲು ಹೋಗಿ, ಹೆಚ್ಚಾದ ಕಾಲನ್ನು ಗರಗಸದಲ್ಲಿ ಕೊಯ್ದು ಮಠಕ್ಕೆ ಕೊಡಾಣ ಎಂದರು. ಅಷ್ಟು ಸಾಕಾಯಿತು. ಅಣ್ಣ ಹೆಗಲ ಮೇಲಿನ ಟವೆಲ್ಲನ್ನು ಕೊಡವಿಕೊಂಡು ಎದ್ದುಹೋದ. ಅದೇ ಕೊನೆ, ಮತ್ತೆ ಅವರಿಬ್ಬರ ನಡುವೆ ಮಾತಿಲ್ಲ.

ನನಗೆ? ಹೆಣ್ಣುಮಕ್ಕಳಿಗೆ ಪಾಲು ಎನ್ನುವ ಮಾತು ಆಗ ಯಾರ ಬಾಯಲ್ಲಿತ್ತು? ಕಾಲಿಲ್ಲದ ಹಲಗೆಯ ಮೇಲೆ ಯಾರಿಗೂ ಆಸೆ ಇರಲಿಲ್ಲ. ಅವ್ವ ಅದನ್ನೂ ಅಪ್ಪನ ಅಡ್ಡಣಿಗೆಯನ್ನೂ ಹಳೆಯ ಕಂಬಳಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಮಾರನೆಯ ವರ್ಷ ಅವಳೂ ಲಿಂಗೈಕ್ಯಳಾದಳು. ಹಲಗೆ ನಮ್ಮ ಮನೆಯಲ್ಲೂ ಬೇಸಿಗೆ ಬಂದರೆ ಮಂಚ ಏರುತ್ತಿತ್ತು, ಬೀದಿಯ ಹೆಂಗಸರೆಲ್ಲ ಅದರ ಮೇಲೆ ಶಾವಿಗೆ ಹೊಸೆಯುತ್ತಿದ್ದರು.

ಆ ದಿನವೂ ಮದುವೆಗೆಂದು ಶಾವಿಗೆ ನಡೆದಿತ್ತು. ನಾನು ಹೊಸೆಯುತ್ತಿದ್ದೆ, ಎದುರುಮನೆ ಉಚ್ಚಂಗಮ್ಮ ಇಳಿದ ಎಳೆಗಳನ್ನು ಕೋಲಿಗೆ ಹಾಕುತ್ತಿದ್ದಳು. ಬಾಗಿಲಲ್ಲಿ ಒಬ್ಬ ದಪ್ಪ ಮನುಷ್ಯ ಬಂದು ನಿಂತ. ಬಿಳಿ ಜುಬ್ಬ, ಕಿವಿಯ ಹಿಂದೆ ಪೆನ್ಸಿಲ್ಲು, ಕೈಯಲ್ಲಿ ಬ್ಯಾಟರಿ.

"ಹೊಸದುರ್ಗದ ಶಿವಕುಮಾರಪ್ಪಾರ ಅಕ್ಕನೋರ ಮನೆ ಇದೇ ಏನಮ್ಮಾ?" ಎಂದು ಕೇಳಿದವನು, ಉತ್ತರಕ್ಕೂ ಕಾಯದೆ, "ಅಯ್ಯಯ್ಯಯ್ಯೋ, ಕೈ ತೆಗೀರಿ! ತೆಗೀರಿ ಕೈ!" ಎಂದು ಕಿರುಚಿದ.

ಚೇಳು ಬಂತೆಂದು ಉಚ್ಚಂಗಮ್ಮ ಮಂಚಕ್ಕೆ ಹಾರಿದಳು. ನಾನು ಹಿಟ್ಟಿನ ಕೈಯಲ್ಲೇ ಎದ್ದೆ. "ಯಾರ್ರಿ ನೀವು? ಹಗಲು ಹೊತ್ತಿನಾಗೆ ಹೆಂಗಸರ ಮುಂದೆ ಏನ್ರಿ ಕೂಗಾಟ?"

ಅವನು ಚಿತ್ರದುರ್ಗದ ರಂಗಪ್ಪ. ಹಳೆಯ ಮೇಜು, ಕುರ್ಚಿ, ಬೀರು ಕೊಂಡು ಬೆಂಗಳೂರಿನ ದೊಡ್ಡ ಹೋಟೆಲುಗಳಿಗೆ ಮಾರುವುದು ಅವನ ವ್ಯಾಪಾರ. ತನ್ನ ಗುಣಗಾನವನ್ನು ತಾನೇ ಮಾಡಿಕೊಂಡ. ಕಣ್ಣು ಕಟ್ಟಿ ಬಿಟ್ಟರೂ ಮರದ ವಾಸನೆಯಲ್ಲೇ ಜಾತಿ ಹೇಳುತ್ತಾನಂತೆ. ಮೇಜನ್ನು ಮೇಲಿಂದ ನೋಡುವವನು ದಡ್ಡನಂತೆ, ತಳ ನೋಡುವವನೇ ವ್ಯಾಪಾರಿಯಂತೆ. ನಮ್ಮ ಯಜಮಾನರು ಅಷ್ಟರಲ್ಲಿ ಹೊರಗೆ ಬಂದು, ಕುಂತ್ಕಳ್ರಿ ಎಂದು ಕಾಫಿ ಕೊಡಿಸಿದರು. ಅವರಿಗೆ ಯಾರು ಬಂದರೂ ಕಾಫಿಯೇ.

ರಂಗಪ್ಪ ಕಾಫಿ ಮುಟ್ಟಲಿಲ್ಲ. ಹಗ್ಗ ಬಿಚ್ಚಿ ಹಲಗೆ ಮಗುಚಿದ. ಬ್ಯಾಟರಿ ಬಿಟ್ಟು ಬೆರಳಿನಿಂದ ತಡವಿದ. ಉಗುರಿನಿಂದ ಕೆರೆದು ಮೂಸಿದ. "ಬೀಟೆ ಮರ. ಈ ಗರಗಸದ ಗೆರೆ ನೋಡ್ರಿ, ಒಂದು ಓರೆ ಒಂದು ನೆಟ್ಟಗೆ. ಮೆಷಿನ್ನಿನಾಗೆ ಕೊಯ್ದಿದ್ರೆ ಎಲ್ಲಾ ಒಂದೇ ಸಮ ಇರ್ತಿತ್ತು. ಇದು ಕೈಯಾಗೆ ಕೊಯ್ದಿದ್ದು, ನೂರು ವರ್ಷ ದಾಟೈತೆ. ಲಂಡನ್ ಮಾಲು!"

"ಬೀಟೆ ಲಂಡನ್ನಾಗೆ ಬೆಳೀತದೇನ್ರಿ?" ಎಂದೆ.

ಅವನು ತಲೆ ಕೆರೆದುಕೊಂಡ. "ಹಂಗಾದ್ರೆ ಇಲ್ಲೇ ಮಾಡಿಸಿದ್ದು ಬಿಡ್ರಿ. ಕೆಲಸ ಮಾತ್ರ ಲಂಡನ್ ನಮೂನೆ." ಆಮೇಲೆ ಹಲಗೆಯ ತಳದ ಒಂದು ಮೂಲೆಯಲ್ಲಿ ಬೆರಳಿಟ್ಟು ನಗಾಡಿದ. ಅಲ್ಲಿ ಉಳಿಯಿಂದ ಕೊರೆದ ಎರಡು ಗೀಟು ಇದ್ದವು. ಇಷ್ಟು ವರ್ಷ ಹಲಗೆ ತೊಳೆದ ನನಗೇ ಅವು ಕಂಡಿರಲಿಲ್ಲ.

"ಯಾವ ತುಂಡು ಎಲ್ಲಿ ಕೂರಬೇಕು ಅಂತ ಬಡಗಿ ಹಾಕಿದ ಗುರುತಮ್ಮಾ ಇದು. ಹೊಳಲ್ಕೆರೆ ಪಂಚಾಕ್ಷರಪ್ಪಾರ ಮೇಜಿನ ತಳದಾಗೆ ಒಂದು ಗೀಟು ಕಂಡೆ. ಹೊಸದುರ್ಗದಾಗೆ ಮೂರು ಗೀಟು ಕಂಡೆ. ಎರಡು ಗೀಟಿಂದು ಎಲ್ಲಿ ಅಂತ ಕೇಳಿದ್ರೆ, ಅಕ್ಕನ ಹತ್ರ ಒಂದು ಹಲಗೆ ಐತೆ ಅಂದ್ರು ಶಿವಕುಮಾರಪ್ಪಾರು. ಹುಡುಕ್ಕೊಂಡು ಬಂದ್ರೆ ಇಲ್ಲಿ ಶಾವಿಗೆ ಹೊಸೀತಾ ಐತೆ! ಅವು ಎರಡು ಮೇಜಲ್ಲ, ಒಂದೇ. ನಡುವೆ ಈ ಹಲಗೆ. ಇದರ ಗೂಟ ಆ ಕಡೆಗಷ್ಟು ಈ ಕಡೆಗಷ್ಟು ಕೂರ್ತವೆ. ಇದಿಲ್ದೆ ಅವೆರಡೂ ಕೂಡಕ್ಕೇ ಆಗಲ್ಲ."

ನಾನು ಹಲಗೆಯನ್ನೇ ನೋಡುತ್ತ ನಿಂತೆ. ಗೂಟಗಳಿಗೆ ಇನ್ನೂ ಹಗ್ಗದ ನಾರು ಅಂಟಿತ್ತು.

"ಬೆಲೆ ಎಷ್ಟಾಗಬಹುದು?" ಎಂದು ಯಜಮಾನರು ಮೆತ್ತಗೆ ಕೇಳಿದರು.

"ಬಿಡಿ ಬಿಡಿ ಆದ್ರೆ ಸೌದೆ ಬೆಲೆ. ಮೂರೂ ಕೂಡಿದ್ರೆ..." ಎಂದು ರಂಗಪ್ಪ ಬಗ್ಗಿ ಅವರ ಕಿವಿಯಲ್ಲಿ ಹೇಳಿದ. ಯಜಮಾನರಿಗೆ ಕಾಫಿ ನೆತ್ತಿಗೆ ಹತ್ತಿತು. ಬೆನ್ನು ತಟ್ಟಲು ಉಚ್ಚಂಗಮ್ಮನೇ ಮಂಚದಿಂದ ಇಳಿಯಬೇಕಾಯಿತು.

ನನಗೆ ಬೆಲೆ ಕಿವಿಗೇ ಬೀಳಲಿಲ್ಲ. ಕಣ್ಣ ಮುಂದೆ ಇದ್ದದ್ದು ಒಂದೇ: ಇಬ್ಬರೂ ಒಂದು ಸೂರಿನ ಕೆಳಗೆ ಬರುವ ದಾರಿ. "ನೋಡ್ರಿ ರಂಗಪ್ಪನೋರೇ," ಎಂದೆ, "ಹಲಗೆ ನಂದು. ನಾನು ಕೊಡೋದಿದ್ರೆ ಮೂರು ತುಂಡೂ ಇದೇ ಮನೇಲಿ, ನನ್ನ ಕಣ್ಣೆದುರಿಗೆ ಕೂಡಬೇಕು. ಊಟದ ಮೇಜು ಅಂತೀರಲ್ಲ, ಅದರ ಮೇಲೆ ಒಂದು ಊಟ ಆಗಬೇಕು. ಆಮೇಲೆ ವ್ಯಾಪಾರದ ಮಾತು. ನಮ್ಮಣ್ಣಂಗೆ ಹೇಳ್ರಿ, ತಮ್ಮ ಬರಲ್ಲ, ಮೇಜು ಅಷ್ಟೇ ಕಳಿಸ್ತಾನೆ ಅಂತ. ತಮ್ಮಂಗೆ ಹೇಳ್ರಿ, ಅಣ್ಣ ಬರಲ್ಲ ಅಂತ."

"ನನ್ನ ಕೈಲಿ ಸುಳ್ಳು ಹೇಳಿಸ್ತೀರಲ್ಲಮ್ಮಾ."

"ಲಂಡನ್ ಮಾಲು ಅಂದ್ರಲ್ಲ, ಅದಕ್ಕಿಂತ ದೊಡ್ಡದೇನಲ್ಲ ಬಿಡ್ರಿ" ಎಂದೆ. ಅವನು ನಕ್ಕು ಕಾಫಿ ಕುಡಿದ.

ಇಬ್ಬರೂ ಮೇಜು ಕಳಿಸಲು ಒಪ್ಪಿ ಗೊತ್ತಾದ ದಿನ ಬೆಳಿಗ್ಗೆ ನಾನು ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಬಂದವರು ಮುಖ ನೋಡಿ ತಿರುಗಿ ಹೊರಟುಬಿಟ್ಟರೆ ಮದುವೆಗೆ ಇಬ್ಬರೂ ಇಲ್ಲ, ಗಂಗಾಳಿಗೆ ಏನು ಹೇಳಲಿ? ಅವಳು ಮಾತ್ರ ಏಲಕ್ಕಿ ಕುಟ್ಟುತ್ತ ಹಾಡಿಕೊಳ್ಳುತ್ತಿದ್ದಳು. ಮಾವಂದಿರ ಮೇಲೆ ಅವಳಿಗೆ ಅಷ್ಟು ಭರವಸೆ.

ಮೊದಲು ಕೊಬ್ಬರಿ ಲಾರಿ ಬಂತು. ಚೀಲಗಳ ನಡುವೆ ಮೇಜು, ಮೇಜಿನ ಪಕ್ಕದಲ್ಲಿ ಅದರ ಕಾಲು ಹಿಡಿದುಕೊಂಡು ಅಣ್ಣ. ತನ್ನ ವಸ್ತುವನ್ನು ಬೇರೆಯವರ ಕೈಗೆ ಬಿಡುವ ಜಾಯಮಾನ ಅವನದಲ್ಲ. ಮೇಜು ಇಳಿಸಿ ಒಳಗಿಡುವಷ್ಟರಲ್ಲಿ ಬೀದಿಯ ಆ ತುದಿಯಿಂದ ಟೆಂಪೋ ಬಂತು. ಅದರ ಹಿಂದೆ, ಮೇಜಿಗೆ ಹೊದಿಸಿದ ಹೊಸ ಬೆಡ್‌ಶೀಟು ಹಾರದಂತೆ ಒತ್ತಿಕೊಂಡು ಕುಳಿತವನು ನನ್ನ ತಮ್ಮ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಬೇರೆ ಸಾಕ್ಷಿ ಬೇಕೇ?

ಒಬ್ಬರನ್ನೊಬ್ಬರು ನೋಡಿದರು. ಅಣ್ಣ ಟವೆಲ್ಲು ಕೊಡವಿದ. ತಮ್ಮ ಟೆಂಪೋದವನಿಗೆ, "ತಿರುಗಿಸಪ್ಪ ಗಾಡೀನ" ಎಂದ.

ನಾನು ಸೌಟು ಹಿಡಿದು ಬಾಗಿಲಿಗೆ ಬಂದೆ. "ತಿರುಗಿಸಿ ನೋಡು! ಹೂರಣ ರುಬ್ಬಿ ಕಣಕ ನಾದಿಟ್ಟೀನಿ. ಇಬ್ಬರಲ್ಲಿ ಯಾರು ಹೊಸಿಲು ತುಳೀದೆ ಹೋಗ್ತೀರೋ ಅವರಿಗೆ ಅಕ್ಕ ತಂಗಿ ಯಾರೂ ಇಲ್ಲ ಅಂದ್ಕಳ್ರಿ!" ನನ್ನ ಕೂಗಿಗೆ ಲಾರಿಯ ಡ್ರೈವರ್ ಕೂಡ ಬೀಡಿ ಬಿಸಾಡಿ ನೆಟ್ಟಗೆ ನಿಂತ. ಇಬ್ಬರೂ ತೆಪ್ಪಗೆ ಒಳಗೆ ಬಂದು ಒಬ್ಬ ಈ ಗೋಡೆ, ಇನ್ನೊಬ್ಬ ಆ ಗೋಡೆ ನೋಡುತ್ತ ನಿಂತರು.

ರಂಗಪ್ಪ ತನ್ನ ಕೆಲಸ ಶುರು ಮಾಡಿದ. ಅಣ್ಣನ ಮೇಜನ್ನು ಬೆಳಕಿನಲ್ಲಿ ನೋಡಿ ಹಣೆ ಚಚ್ಚಿಕೊಂಡ. ಹೊಳಲ್ಕೆರೆಯಲ್ಲಿ ಅದರ ಮೇಲೆ ರೇಡಿಯೋ, ರೇಡಿಯೋ ಕೆಳಗೆ ಜರಿ ಬಟ್ಟೆ ಇದ್ದುದರಿಂದ ಅವನಿಗೆ ಬ್ಯಾಟರಿ ಬೆಳಕಿನಲ್ಲಿ ಕಾಲಿನ ಬಣ್ಣವಷ್ಟೇ ಕಂಡಿತ್ತು, ಮೇಲಿನ ಹಲಗೆ ಕಂಡಿರಲಿಲ್ಲ. ರೇಡಿಯೋ ಅಲುಗಾಡಿಸಲು ಅಣ್ಣ ಬಿಟ್ಟಿರಲಿಲ್ಲ. ಮೇಜಿಗೆ ಕಾಲಿನಿಂದ ತಲೆಯವರೆಗೆ ಹಸಿರು ಆಯಿಲ್ ಪೇಂಟು. ಒಂದು ಕೋಟ್ ಅಲ್ಲ, ವರ್ಷ ವರ್ಷ ದೀಪಾವಳಿಗೆ ಕಿಟಕಿ ಬಾಗಿಲಿನ ಜೊತೆಗೆ ಅದಕ್ಕೂ ಒಂದೊಂದು ಕೋಟ್. "ಬೆಲೆ ಇಳೀತು" ಎಂದ ರಂಗಪ್ಪ.

ತಮ್ಮನ ಮೇಜಿನ ಬೆಡ್‌ಶೀಟು ಸರಿಸಿದರೆ ಮೇಲೆ ಗುಲಾಬಿ ಬಣ್ಣದ ಸನ್‌ಮೈಕಾ, ಅಂಚಿಗೆ ಸಾಲಾಗಿ ಮೊಳೆ! ಹೊಸದುರ್ಗದ ಅಂಗಡಿಯಲ್ಲಿ ಅದರ ಮೇಲೆ ಬಟ್ಟೆಯ ಗಂಟುಗಳಿದ್ದುದರಿಂದ ರಂಗಪ್ಪನಿಗೆ ಇದೂ ಕಂಡಿರಲಿಲ್ಲ. "ಈಗಿನ ಫ್ಯಾಷನ್ನು" ಎಂದ ತಮ್ಮ, ಗೋಡೆಗೆ ಹೇಳುವವನ ಹಾಗೆ. "ಬೀಟೆ ಮರಕ್ಕೆ ಮೊಳೆ ಹೊಡೆದ್ರಾ ಸ್ವಾಮಿ!" ರಂಗಪ್ಪನಿಗೆ ಅಳು ಬರುವುದೊಂದು ಬಾಕಿ. "ಇನ್ನೂ ಇಳೀತು."

ಅದರ ಮೇಲೆ ಅವ್ವ ಬೂದಿ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದ ಕಥೆಯನ್ನೂ ನಾನು ಹೇಳಿಬಿಟ್ಟೆ. ಅವನು ಗೋಡೆಗೆ ಒರಗಿ ಒಂದು ಚೊಂಬು ನೀರು ಕೇಳಿ ಕುಡಿದ. ನನ್ನ ಹಲಗೆಯನ್ನು ಮಾತ್ರ ಕೈಯಿಂದ ಸವರುತ್ತಲೇ ಇದ್ದ. ಬೇಸಿಗೆ ಬೇಸಿಗೆ ಎಣ್ಣೆ ಹಚ್ಚಿದ ಹಿಟ್ಟು, ಹೆಂಗಸರ ಅಂಗೈ ಉಜ್ಜಿ ಉಜ್ಜಿ ಅದಕ್ಕೆ ಕಪ್ಪು ಹೊಳಪು ಬಂದಿತ್ತು. "ಇಂಥ ಪಾಲಿಶ್ ಕೊಡಾಕೆ ನನ್ನ ಕೈಲಾಗಲ್ಲ ಬಿಡ್ರಮ್ಮಾ" ಎಂದ. ದೊಡ್ಡ ಬಾಯಿಯವನಾದರೂ ಅಷ್ಟನ್ನು ಒಪ್ಪಿಕೊಂಡ.

ಎರಡೂ ಮೇಜನ್ನು ಎದುರುಬದುರು ತಂದು ನಡುವೆ ಹಲಗೆ ಹಿಡಿದರು. ತೂತುಗಳಲ್ಲಿ ತುಂಬಿದ್ದ ಪೇಂಟನ್ನು ರಂಗಪ್ಪ ಉಳಿಯಿಂದ ಕೆದರಿ ತೆಗೆದ. ಗೂಟಗಳು ಒಂದೊಂದಾಗಿ ಒಳಗೆ ಹೋದವು, ಟಕ್, ಟಕ್ ಎಂದು. ಅಣ್ಣ ಆ ಕಡೆಯಿಂದ ತಳ್ಳಿದ, ತಮ್ಮ ಈ ಕಡೆಯಿಂದ ತಳ್ಳಿದ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ಕಡೆ ಹಸಿರು, ಒಂದು ಕಡೆ ಗುಲಾಬಿ, ನಡುವೆ ಕರಿ ಹಲಗೆ. ಥೂ, ಏನು ಅಂದ! ಆದರೂ ಇಡೀ ನಡುಮನೆ ತುಂಬಿದ ಆ ಮೇಜನ್ನು ನೋಡಿದರೆ ಮೈ ಜುಮ್ಮೆಂದಿತು. ಅಪ್ಪ ಬಂಗಲೆಯಲ್ಲಿ ಕಂಡು ಮರುಳಾದದ್ದು ಇದಕ್ಕೇ, ಇಕ್ಕಟ್ಟು ಮನೆಯಲ್ಲಿ ಕೂಡಿಸಲಾಗದೆ ನಮಗೆ ಹೇಳದೆಯೇ ಬಿಟ್ಟಿರಬೇಕು.

ನಾನು ಹಲಗೆಯ ಮೇಲೆ ಕೈ ಊರಿದೆ. ಲೊಟಕ್ ಎಂದು ಅದು ಕೆಳಕ್ಕೆ ಬಗ್ಗಿತು.

"ತಡೀರಿ ತಡೀರಿ," ಎಂದು ರಂಗಪ್ಪ ಅಷ್ಟು ದಪ್ಪ ದೇಹವನ್ನು ಹೇಗೋ ಮೇಜಿನ ಕೆಳಗೆ ತೂರಿಸಿದ. ಬ್ಯಾಟರಿಯ ಬೆಳಕು ಅಲ್ಲಿ ಇಲ್ಲಿ ಓಡಾಡಿತು. ಆಮೇಲೆ ಗಟ್ಟಿಯಾಗಿ ನಗುವುದು ಕೇಳಿಸಿತು. "ಪಂಚಾಕ್ಷರಪ್ಪನೋರೇ, ನಿಮ್ಮ ಕಡೆ ನಾಲ್ಕು ಕಾಲು ಯಾಕವೆ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದ್ರಾ?"

ಆ ಮಾತಿಗೆ ಇಬ್ಬರ ಮುಖವೂ ಕೆಂಪಾಯಿತು. ಮುಗಿಯಿತು, ಜಗಳ ಮತ್ತೆ ಹೊತ್ತಿತು ಎಂದುಕೊಂಡು ನಾನು ಸೌಟು ಬಿಗಿಹಿಡಿದೆ.

ರಂಗಪ್ಪ ಕೆಳಗಿನಿಂದ ಸುತ್ತಿಗೆಯಲ್ಲಿ ನಾಜೂಕಾಗಿ ಬಡಿದ. ಹಸಿರು ಪೇಂಟು ಚಕ್ಕೆ ಚಕ್ಕೆಯಾಗಿ ಉದುರಿತು. ಅಣ್ಣನ ಮೇಜಿನ ನಾಲ್ಕನೇ ಕಾಲಿನ ತಲೆಯಲ್ಲಿ ಒಂದು ಮರದ ಕೀಲು ಕಂಡಿತು. ಇಷ್ಟು ವರ್ಷ ಅದು ಬಣ್ಣದಲ್ಲಿ ಹೂತುಹೋಗಿತ್ತು. ಅವನು ಕಾಲನ್ನು ಹಿಡಿದು ಎಳೆದ. ಅದು ಕಿರ್‌ರ್ ಎಂದು, ಬಾಗಿಲು ತೆರೆದಂತೆ, ಅಣ್ಣನ ಮೇಜಿನಿಂದ ಹೊರಗೆ ತಿರುಗಿ ಬಂದು ನನ್ನ ಹಲಗೆಯ ಕೆಳಗೆ ಸರಿಯಾಗಿ ನಿಂತಿತು.

"ಈ ಕಾಲು ಆ ಮೇಜಿಂದಲ್ಲ ಸ್ವಾಮಿ, ನಡುವಿನ ಹಲಗೇದು" ಎಂದ ರಂಗಪ್ಪ, ತಲೆ ಮಾತ್ರ ಹೊರಗೆ ಹಾಕಿ. "ಹಲಗೆ ಇಲ್ಲದಾಗ ಮಡಚಿ ಅಲ್ಲಿ ಇಟ್ಟಿರ್ತಾರೆ ಅಷ್ಟೆ. ಈಗ ಒತ್ತಿ ನೋಡ್ರಮ್ಮಾ."

ಒತ್ತಿದೆ. ಹಲಗೆ ಅಲುಗಲಿಲ್ಲ.

ತಮ್ಮ ಬಗ್ಗಿ ಕಾಲುಗಳನ್ನು ಎಣಿಸಿದ. ಮತ್ತೆ ಎಣಿಸಿದ. ಆಮೇಲೆ ನೆಟ್ಟಗೆ ನಿಂತು, ಅಣ್ಣನ ಮುಖವನ್ನೇ ನೋಡಿ, "ಹಂಗಾದ್ರೆ ನಿನಗೂ ಮೂರೇ" ಎಂದ.

"ಹೂಂ ಕಣೋ. ಮೂರೇ" ಎಂದ ಅಣ್ಣ.

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಅಲ್ಲಿಯವರೆಗೆ ಹಿಡಿದುಕೊಂಡಿದ್ದದ್ದು ಒಮ್ಮೆಲೇ ನುಗ್ಗಿ ಬಂತು. "ನನ್ನ ಕಾಲಿಗೆ ಬಡಿದಾಡಿದ್ರೇನ್ರೋ ಇಷ್ಟು ವರ್ಷ? ಅವನಿಗೆ ಹೆಚ್ಚು ಬಂತು, ನನಗೆ ಕಡಿಮೆ ಬಂತು ಅಂತ ಕೂಗಾಡಿದ್ರಲ್ಲ, ಅನ್ನಪೂರ್ಣಂಗೆ ಏನು ಬಂತು ಅಂತ ಒಬ್ಬನಾದ್ರೂ ಕೇಳಿದ್ರಾ? ಹಲಗೆ ಹೊತ್ಕೊಂಡು ಬಸ್ ಹತ್ತಿದೆ ನಾನು, ಕಂಡಕ್ಟರ್ ಲಗೇಜು ಕೇಳಿದ, ಆಗಲೂ ನೀವಿಬ್ರೂ ಬೀದೀಲಿ ಕಾಲು ಎಣಿಸ್ತಾ ನಿಂತಿದ್ರಿ!" ಕಣ್ಣೀರು ಒಂದು ಕಡೆ, ಸಿಟ್ಟು ಒಂದು ಕಡೆ, ಸೌಟಿನಿಂದ ಹೂರಣ ಉದುರುವುದು ಇನ್ನೊಂದು ಕಡೆ. ನನಗೆ ಬೇಕಿದ್ದದ್ದು ಆಸ್ತಿಯಲ್ಲ. ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅಣ್ಣ ತಲೆ ತಗ್ಗಿಸಿದ. ಮಂಡಿಯಲ್ಲಿ ಹುಲಿಯ ಹಾಗೆ ಗರ್ಜಿಸುವವನು ಟವೆಲ್ಲಿನ ತುದಿ ಸುರುಳಿ ಸುತ್ತುತ್ತ, "ತಪ್ಪಾತು ಕಣವ್ವ" ಎಂದ. ತಮ್ಮ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡು ಅದಕ್ಕೆ ಅಂಟಿದ್ದ ಹೂರಣವನ್ನು ನೆಕ್ಕಿದ. ಚಿಕ್ಕವನಿದ್ದಾಗ ತಪ್ಪು ಮಾಡಿದರೆ ಹೀಗೇ ಮಾಡುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ.

"ಇನ್ನೂ ಎಷ್ಟು ಹೊತ್ತವ್ವ? ಹೊಟ್ಟೆ ಚುರುಗುಟ್ಟುತ್ತಾ ಐತೆ" ಎಂದು ಗಂಗಾ ಒಳಗಿನಿಂದ ಕೂಗಿದಳು.

ಮೇಜೇನೋ ಆಯಿತು, ಕುರ್ಚಿ ಎಲ್ಲಿ? ಅಣ್ಣನಿಗೆ ಟ್ರಂಕು ಎಳೆದು ಹಾಕಿದೆ. ತಮ್ಮ ರಾಗಿ ಚೀಲದ ಮೇಲೆ ಕುಳಿತ. ಯಜಮಾನರು ಅಂಗಡಿಯ ಸ್ಟೂಲು ತಂದರು. ರಂಗಪ್ಪನಿಗೆ ಶಾವಿಗೆ ಮಂಚವನ್ನೇ ಪಕ್ಕಕ್ಕೆ ಸರಿಸಿದೆವು. ತಟ್ಟೆ ಹಾಕುವಾಗ ಅಣ್ಣ ಸುತ್ತ ನೋಡಿ, "ಅಪ್ಪನ ಅಡ್ಡಣಿಗೆ ಇನ್ನೂ ಇಟ್ಟೀಯೇನೇ?" ಎಂದ. ಇಟ್ಟಿದ್ದೆ. ತಂದು ಅವನ ಮುಂದೆ ಮೇಜಿನ ಮೇಲಿಟ್ಟು, ಅದರ ಮೇಲೆ ತಟ್ಟೆ ಇಟ್ಟೆ. ತಟ್ಟೆ ನೇರ ಅವನ ಗದ್ದಕ್ಕೆ ಬಂತು. ಅವನು ಅಪ್ಪನ ಹಾಗೆಯೇ ಮೊಣಕೈ ಎತ್ತಿ ಹೋಳಿಗೆ ಮುರಿದ. ತಮ್ಮ ನಗಲು ಹೋಗಿ ಕೆಮ್ಮಿ, ರಾಗಿ ಚೀಲದಿಂದ ಜಾರಿ ನೆಲಕ್ಕೆ ಬಿದ್ದ.

"ನಗ್ಬೇಡ್ವೋ. ನಿನ್ನ ಗುಲಾಬಿ ತಗಡಿನ ಮೇಲೆ ಉಣ್ಣೋಕೆ ನನಗೆ ಕಣ್ಣು ಕುಕ್ತೈತೆ."

"ನಿಂದೇನು ಚೆಂದ? ಹಸಿರು ಮೇಜು ನೋಡಿದ್ರೆ ಬಸ್ ಸ್ಟ್ಯಾಂಡಿನ ಬೆಂಚು ಇದ್ದಂಗೈತೆ."

ಬೈದಾಡಿಕೊಳ್ಳುತ್ತಲೇ ಅಣ್ಣ ತುಪ್ಪದ ಗಿಂಡಿಯನ್ನು ಹಸಿರಿನಿಂದ ಹಲಗೆಗೆ, ಹಲಗೆಯಿಂದ ಗುಲಾಬಿಗೆ ತಳ್ಳಿದ. ತಮ್ಮನಿಗೆ ಹೋಳಿಗೆಗಿಂತ ತುಪ್ಪ ಜಾಸ್ತಿ ಬೇಕೆಂಬುದು ಅವನಿಗೆ ಮರೆತಿರಲಿಲ್ಲ. ನಾನು ಹಲಗೆಯ ಮುಂದೆ ಕುಳಿತು ಉಂಡೆ. ತವರಿನಲ್ಲಿ ಗಂಡಸರದೆಲ್ಲ ಊಟವಾದ ಮೇಲೆ ಉಣ್ಣುತ್ತಿದ್ದವಳು ಅವತ್ತು ಅಣ್ಣ ತಮ್ಮಂದಿರ ನಡುವೆ ಕುಳಿತು ಉಂಡೆ. ಆ ಹೋಳಿಗೆಯ ರುಚಿ ಇವತ್ತಿಗೂ ನಾಲಿಗೆಯಲ್ಲಿ ಇದೆ.

ಕೈ ತೊಳೆದ ಮೇಲೆ ರಂಗಪ್ಪ ಗಂಟಲು ಸರಿ ಮಾಡಿಕೊಂಡ. "ಪೇಂಟು ತೆಗೀಬೇಕು, ಮೊಳೆ ಕೀಳಬೇಕು. ಆದ್ರೂ ಮೂರು ತುಂಡು, ಕೀಲು, ಗೂಟ ಎಲ್ಲಾ ಮೂಲದ್ದೇ ಅವೆ. ಒಳ್ಳೇ ಬೆಲೆ ಕೊಡ್ತೀನಿ. ಏನಂತೀರಿ ಸ್ವಾಮಿ?"

ಅಣ್ಣ ತಮ್ಮನನ್ನು ನೋಡಿದ. ತಮ್ಮ ಅಣ್ಣನನ್ನು ನೋಡಿದ. "ನಮ್ಮನ್ನೇನು ಕೇಳ್ತೀರಿ? ಅವಳನ್ನು ಕೇಳ್ರಿ" ಎಂದ ಅಣ್ಣ. "ನನ್ನ ಅರ್ಧ ಅವಳಿಗೇ ಬಿಟ್ಟೆ."

"ನಂದೂ ಅಕ್ಕಂಗೇ" ಎಂದ ತಮ್ಮ. ತಕ್ಷಣ, "ನೀನೇ ಮೊದಲು ಬಿಟ್ಟೆ ಅನ್ಕೋಬೇಡ, ನನಗೂ ಬಾಯಿಗೆ ಬಂದಿತ್ತು, ಎಲೆ ಅಡಿಕೆ ಹಾಕ್ಕೊಂಡಿದ್ದೆ" ಎಂದೂ ಸೇರಿಸಿದ. ಇವರು ಸುಧಾರಿಸುವ ಪೈಕಿ ಅಲ್ಲ.

ಮದುವೆಯ ದಿನ ಗಂಗಾಳ ಬಲಗೈ ಅಣ್ಣ ಹಿಡಿದ, ಎಡಗೈ ತಮ್ಮ ಹಿಡಿದ. ಇಬ್ಬರೂ ಮೆಲ್ಲಗೆ ಏನೋ ಗೊಣಗಾಡುತ್ತ ಬರುತ್ತಿದ್ದರು. ಮಂತ್ರವಿರಬೇಕು ಎಂದುಕೊಂಡರು ಬೀಗರು. ಹತ್ತಿರ ಬಂದಾಗ ಕೇಳಿಸಿತು: "ಜೋರಾಗಿ ಎಳೀಬ್ಯಾಡ್ವೋ, ಕೂಸು ಎಡವುತ್ತೆ." "ನೀನೇ ಮೊದಲು ಮೆಲ್ಲಗೆ ನಡಿ." ನಡುವೆ ಗಂಗಾ ಬಾಸಿಂಗದ ಕೆಳಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಅಳುತ್ತಿದ್ದೆ. ಯಜಮಾನರು ಯಾರಿಗೋ ಕಾಫಿ ಕೊಡಿಸಲು ಹೋಗಿದ್ದರು.

ಮುಂದಿನ ಬೇಸಿಗೆಗೆ ಉಚ್ಚಂಗಮ್ಮ ಶಾವಿಗೆ ಹಲಗೆ ಕೇಳಲು ಬಂದಳು. ನಡುಮನೆಯಲ್ಲೇ ಉಳಿದಿದ್ದ ಮೇಜಿನಿಂದ ಎಳೆದು ನೋಡಿದೆ. ತುಪ್ಪ ಇಳಿದೋ, ಮರ ಉಬ್ಬಿಯೋ, ಗೂಟಗಳು ಕಚ್ಚಿಕೊಂಡಿದ್ದವು, ಜಪ್ಪಯ್ಯ ಅನ್ನಲಿಲ್ಲ. ಇಲ್ಲಿಗೇ ಬಂದು ಹೊಸೀರಿ ಎಂದೆ. ಈಗ ಬೀದಿಯ ಹೆಂಗಸರೆಲ್ಲ ಮೇಜಿನ ಸುತ್ತ ನಿಂತೇ ಹೊಸೆಯುತ್ತಾರೆ. ಬೆನ್ನು ನೋವು ಕಡಿಮೆಯಾಗಿದೆ ಎನ್ನುತ್ತಾರೆ.

ರಂಗಪ್ಪ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾನೆ. ತಳಕ್ಕೆ ಬ್ಯಾಟರಿ ಬಿಟ್ಟು ನೋಡಿ, ಈ ವರ್ಷ ಬೆಲೆ ಇನ್ನೂ ಏರೈತೆ ಎನ್ನುತ್ತಾನೆ. "ಕೊಡ್ತೀರಾ ಅಮ್ಮಾ?" ಎಂದು ಕೇಳುತ್ತಾನೆ. ನಾನು ಅವನ ಮುಂದೆ ತಟ್ಟೆ ಇಟ್ಟು ಶಾವಿಗೆ ಪಾಯಸ ಬಡಿಸುತ್ತೇನೆ. "ಕಾಲು ಮುರಿದ ದಿನ ಕೊಡ್ತೀನಿ, ಈಗ ಉಣ್ರಿ" ಎನ್ನುತ್ತೇನೆ. ಅವನು ಬಗ್ಗಿ ನಾಲ್ಕನೇ ಕಾಲನ್ನು ಒಮ್ಮೆ ಅಲುಗಾಡಿಸಿ ನೋಡಿ, ಗಟ್ಟಿ ಐತೆ ಎಂದು ನಿಟ್ಟುಸಿರು ಬಿಟ್ಟು ಉಣ್ಣಲು ಕೂರುತ್ತಾನೆ.